ಹೆಸರು ಮುಚ್ಚಿ ಮಾರ್ಕ್ಸ್ ಹಾಕಿದೆ: ಎನ್‌ಎಫ್‌ಎಲ್ ಡ್ರಾಫ್ಟ್ ಗ್ರೇಡಿಂಗ್, ನನ್ನ ಅನುಭವ

ನಮ್ಮ ಗುಂಪಿನ 2022ರ ಡ್ರಾಫ್ಟ್ ಬಾಜಿಯ ಲೆಕ್ಕ 2025ರ ಸೆಪ್ಟೆಂಬರ್‌ನಲ್ಲಿ ಚುಕ್ತಾ ಆಯಿತು. ಗೆದ್ದವನು ನಾನೇ. "ಆಟಗಾರರ ಹೆಸರನ್ನೂ ನೋಡದೆ ಗ್ರೇಡ್ ಕೊಡುವ ಮಹಾನುಭಾವ" ಅಂತ ವರ್ಷಗಟ್ಟಲೆ ನಕ್ಕವರು ಈಗ ಒಬ್ಬೊಬ್ಬರಾಗಿ ಶೀಟ್ ಕಳಿಸು ಅನ್ನುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ವಿವರಿಸುವ ತಾಳ್ಮೆ ನನಗಿಲ್ಲ. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವುದೇ ಡ್ರಾಫ್ಟ್. ಒಂದೊಂದು ಸರದಿ ಒಂದೊಂದು ಪಿಕ್, ಹಿಂದಿನ ಸೀಸನ್‌ನಲ್ಲಿ ಹೆಚ್ಚು ಸೋತವರಿಗೆ ಮೊದಲ ಸರದಿ, ಪಿಕ್‌ಗಳನ್ನು ತಂಡಗಳು ತಮ್ಮೊಳಗೆ ಕೊಟ್ಟು ತೆಗೆದುಕೊಳ್ಳಬಹುದು. ಏಳು ಸುತ್ತು ಹೇಗೆ ನಡೆಯುತ್ತದೆ ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಏಪ್ರಿಲ್ ಬಂದರೆ ನಿದ್ದೆಗೆಡುವವರಿಗೇ ಇದು.

ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಕೆಲಸ ಕಾರು ಉದ್ಯಮದಲ್ಲಿ, ಬಿಡಿಭಾಗ ಕೊಳ್ಳುವ ವಿಭಾಗ. ಗುಂಪಿನಲ್ಲಿ ಹತ್ತು ಹನ್ನೆರಡು ಜನ. ಅರ್ಧ ಕನ್ನಡದವರು, ಮಿಕ್ಕವರು ತೆಲುಗು, ಗುಜರಾತಿ, ಜೊತೆಗೆ ಇಲ್ಲೇ ಹುಟ್ಟಿ ಬೆಳೆದ ಇಬ್ಬರು. ಡ್ರಾಫ್ಟ್ ಮುಗಿದ ಸೋಮವಾರ ರಾತ್ರಿಯೊಳಗೆ 32 ತಂಡಗಳನ್ನೂ ಒಂದರಿಂದ 32ರವರೆಗೆ ಸಾಲಾಗಿ ಬರೆದು ಕೊಡಬೇಕು. ತಲೆಗೆ 50 ಡಾಲರ್. ಮೂರು ಸೀಸನ್ ಆದ ಮೇಲೆ ನಿಜವಾದ ಸಾಲು ತಯಾರಾಗುತ್ತದೆ. ಪ್ರತಿ ತಂಡದಲ್ಲೂ ನಮ್ಮ ಸ್ಥಾನ ಎಷ್ಟು ತಪ್ಪಿತು ಅಂತ ಕೂಡಿಸುತ್ತೇವೆ. ಕಡಿಮೆ ಬಂದವನು ದುಡ್ಡು ಎತ್ತಿಕೊಳ್ಳುತ್ತಾನೆ.

ಒಂದು ಮಾತು. ಕಣ್ಣು ಮುಚ್ಚಿ ಚೀಟಿ ಎತ್ತಿ 32 ತಂಡ ಬರೆದರೂ ಸರಾಸರಿ ತಪ್ಪು 341 ಬರುತ್ತದೆ. ಗಣಿತ ಗೊತ್ತಿದ್ದವರು ಲೆಕ್ಕ ಹಾಕಿ ನೋಡಿ. ವಾರವಿಡೀ ಟಿವಿ ಮುಂದೆ ಕೂತು, ನೋಟ್ಸ್ ಬರೆದು, ಜಗಳ ಆಡಿ ನಮ್ಮ ಪಂಡಿತರು ತರುತ್ತಿದ್ದದ್ದು 310, 320. ಅಂದರೆ ಚೀಟಿಗಿಂತ ಒಂದು ಕೂದಲು ಮೇಲೆ. ನಾನು ಗೆದ್ದ ವರ್ಷ 260ರ ಆಸುಪಾಸು ಬಂತು. ಗುಂಪಿನ ಇತಿಹಾಸದಲ್ಲಿ ಅಷ್ಟು ಕಡಿಮೆ ಯಾರೂ ತಂದಿಲ್ಲ.

ಇಲ್ಲಿಗೆ ಬರುವ ಮುಂಚೆ ಕೈಸುಟ್ಟುಕೊಂಡದ್ದು ಬೇಕಾದಷ್ಟಿದೆ.

ಮೊದಲಿಗೆ ಎಲ್ಲರ ಹಾಗೆ ಟೇಪ್ ನೋಡಿದೆ. ಕಾಲೇಜು ಪಂದ್ಯಗಳ ವಿಡಿಯೊಗೆ ಒಂದು ಚಂದಾ, ಆಟಗಾರರ ಗ್ರೇಡ್‌ಗಳಿಗೆ ಇನ್ನೊಂದು. ಎರಡೂ ಸೇರಿ ವರ್ಷಕ್ಕೆ 250 ಡಾಲರ್ ಹತ್ತಿರ. ಮೊದಲ ಸುತ್ತಿನ ಮೂವತ್ತು ಹುಡುಗರನ್ನು ನೋಡುವಷ್ಟರಲ್ಲಿ ಚಳಿಗಾಲ ಮುಗಿಯುತ್ತಿತ್ತು. ಮೂರನೇ ದಿನದ, ಅಂದರೆ ಕೊನೆಯ ಸುತ್ತುಗಳ ಪಿಕ್‌ಗಳ ಹೆಸರೂ ಕೇಳಿರುತ್ತಿರಲಿಲ್ಲ. ಇನ್ನು ಯೋಚಿಸಿ ನೋಡಿ, ಒಂದೊಂದು ತಂಡದ ಹತ್ತಾರು ಸ್ಕೌಟ್‌ಗಳು ವರ್ಷವಿಡೀ ಮಾಡುವ ಕೆಲಸವನ್ನು ನಾನು ಶನಿವಾರ ಮಧ್ಯಾಹ್ನ ಮಾಡಿ ಅವರಿಗಿಂತ ಚೆನ್ನಾಗಿ ಮಾಡುತ್ತೇನಾ?

ಆಮೇಲೆ ಪತ್ರಕರ್ತರ ಗ್ರೇಡ್‌ಗಳನ್ನೆಲ್ಲ ಒಟ್ಟುಮಾಡಿ ಸರಾಸರಿ ತೆಗೆದೆ. ಇದು ಇನ್ನೂ ಕೆಟ್ಟದಾಯಿತು. ಎಲ್ಲರೂ ಎಲ್ಲರಿಗೂ ಬಿ, ಬಿ ಪ್ಲಸ್ ಕೊಟ್ಟಿರುತ್ತಾರೆ. ಸರಾಸರಿ ತೆಗೆದರೆ 32 ತಂಡವೂ ಒಂದೇ ಕಡೆ ಮುದ್ದೆ ಕಟ್ಟಿಕೊಳ್ಳುತ್ತವೆ. ಅದೂ ಅಲ್ಲದೆ, 2012ರಲ್ಲಿ ಸೀಹಾಕ್ಸ್ ತಂಡ ಬ್ರೂಸ್ ಇರ್ವಿನ್, ಬಾಬಿ ವ್ಯಾಗ್ನರ್, ರಸೆಲ್ ವಿಲ್ಸನ್ ಈ ಮೂವರನ್ನು ತೆಗೆದುಕೊಂಡಾಗ ಮೂಗು ಮುರಿದವರು ಬೇಕಾದಷ್ಟು ಜನ, ಆಮೇಲೆ ವ್ಯಾಗ್ನರ್, ವಿಲ್ಸನ್ ಇಬ್ಬರೂ ದೊಡ್ಡ ತಾರೆಗಳಾದರು.

ಮೂರನೆಯದು ಕಂಬೈನ್, ಅಂದರೆ ಡ್ರಾಫ್ಟ್‌ಗೆ ಮುಂಚಿನ ದೈಹಿಕ ಪರೀಕ್ಷೆಯ ಅಂಕಿಗಳು. ಓಟಕ್ಕೆ ಜಾಸ್ತಿ ತೂಕ ಕೊಟ್ಟ ಒಂದು ಸೂತ್ರ ಮಾಡಿದೆ. 2017ರಲ್ಲಿ ಜಾನ್ ರಾಸ್ 40 ಗಜವನ್ನು 4.22 ಸೆಕೆಂಡಿನಲ್ಲಿ ಓಡಿದ್ದ, ಬೆಂಗಾಲ್ಸ್ 9ನೇ ಪಿಕ್‌ನಲ್ಲಿ ಎತ್ತಿಕೊಂಡರು. ನನ್ನ ಸೂತ್ರ ಕುಣಿದಾಡಿತು. ಮುಂದೆ ಏನಾಯಿತು ಅಂತ ಬೆಂಗಾಲ್ಸ್ ಅಭಿಮಾನಿಗಳನ್ನು ಕೇಳಿ. ಕೈ ಅಳತೆಯನ್ನೂ ಬಿಡಲಿಲ್ಲ. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕೆನ್ನಿ ಪಿಕೆಟ್‌ನ ಕೈ ಎಂಟೂವರೆ ಇಂಚು ಅಂತ ಊರೆಲ್ಲ ಗಲಾಟೆ ಆಗಿತ್ತಲ್ಲ. ಆ ಕಾಲಂ ಸೇರಿಸಿದರೂ ಒಂದೇ, ತೆಗೆದರೂ ಒಂದೇ.

ತಂಡದ ಅಗತ್ಯ ನೋಡಿ ಗ್ರೇಡ್ ಕೊಡುವುದು ನಾಲ್ಕನೆಯದು. ಇದನ್ನು ಈಗಲೂ ನಂಬುವವರು ಗುಂಪಿನಲ್ಲಿ ಇದ್ದಾರೆ. ಅಗತ್ಯ ಅನ್ನುವುದು ಹನ್ನೆರಡು ತಿಂಗಳಲ್ಲಿ ಬದಲಾಗುತ್ತದೆ. ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಇರುವಾಗಲೇ ಚೀಫ್ಸ್ ಅದೇ ಜಾಗಕ್ಕೆ ಮಹೋಮ್ಸ್‌ನನ್ನು ತಂದರು. ಹಾಗೆಯೇ ರಾಜರ್ಸ್ ಇರುವಾಗಲೇ ಪ್ಯಾಕರ್ಸ್ 2020ರಲ್ಲಿ 26ನೇ ಜಾಗಕ್ಕೆ ಏರಿ ಜೋರ್ಡನ್ ಲವ್‌ನನ್ನು ತೆಗೆದುಕೊಂಡರು.

ಇಷ್ಟೆಲ್ಲ ಆದ ಮೇಲೆ ಆಫೀಸಿನ ಕೆಲಸದ ಅಭ್ಯಾಸವನ್ನೇ ಇಲ್ಲಿಗೂ ತಂದೆ. ನಮ್ಮ ವಿಭಾಗದಲ್ಲಿ ಬೇರಿಂಗ್ ಒಳ್ಳೆಯದಾ ಅಂತ ಯಾರೂ ನನ್ನನ್ನು ಕೇಳುವುದಿಲ್ಲ, ಅದಕ್ಕೆ ಎಂಜಿನಿಯರ್‌ಗಳಿದ್ದಾರೆ. ಎಷ್ಟಕ್ಕೆ ತಂದೆ ಅಂತ ಕೇಳುತ್ತಾರೆ. ಡ್ರಾಫ್ಟ್‌ಗೂ ಅದನ್ನೇ ಹಾಕಿದೆ. ಶೀಟ್‌ನಲ್ಲಿ ಆಟಗಾರನ ಹೆಸರಿನ ಕಾಲಂ ಮುಚ್ಚಿಟ್ಟೆ. ಉಳಿದದ್ದು ಪಿಕ್ ಸಂಖ್ಯೆ, ಆಡುವ ಜಾಗ, ವಯಸ್ಸು, ಕನ್ಸೆನ್ಸಸ್ ಬೋರ್ಡ್‌ನಲ್ಲಿ (ಪಂಡಿತರ ಪಟ್ಟಿಗಳನ್ನೆಲ್ಲ ಕೂಡಿಸಿದ ಪಟ್ಟಿ) ಅವನ ಸ್ಥಾನ, ಆ ಪಿಕ್‌ಗೆ ಏನು ತೆತ್ತರು ಅನ್ನುವುದು. ಅಷ್ಟೇ.

ಬೆಲೆ ಅಳೆಯಲು ಎಲ್ಲರ ಕೈಯಲ್ಲಿರುವುದು ಕೋಚ್ ಜಿಮ್ಮಿ ಜಾನ್ಸನ್ ಹೆಸರಿನ, ಪ್ರತಿ ಪಿಕ್‌ಗೂ ಅಂಕ ಕಟ್ಟುವ ಚಾರ್ಟ್. ಮೊದಲ ಪಿಕ್‌ಗೆ 3000 ಅಂಕ, ಹತ್ತನೆಯದಕ್ಕೆ 1300, 32ನೆಯದಕ್ಕೆ 590. ತೊಂಬತ್ತರ ದಶಕದ ಶುರುವಿನಲ್ಲಿ ಕೌಬಾಯ್ಸ್ ತಂಡಕ್ಕಾಗಿ ಮಾಡಿದ್ದು. ಅವತ್ತಿನ ಸಂಬಳದ ಲೋಕವೇ ಬೇರೆ. 2010ರಲ್ಲಿ ಒಂದನೇ ಪಿಕ್ ಸ್ಯಾಮ್ ಬ್ರಾಡ್‌ಫರ್ಡ್‌ಗೆ 50 ಮಿಲಿಯನ್ ಡಾಲರ್ ಖಾತರಿ ಸಿಕ್ಕಿತು. ಮರುವರ್ಷ ಲೀಗ್ ಮತ್ತು ಆಟಗಾರರ ನಡುವೆ ಹೊಸ ಒಪ್ಪಂದ ಬಂತು, ಅದೇ ಒಂದನೇ ಪಿಕ್‌ನಲ್ಲಿ ಬಂದ ಕ್ಯಾಮ್ ನ್ಯೂಟನ್‌ಗೆ ಒಟ್ಟು 22 ಮಿಲಿಯನ್. ರೂಕಿ, ಅಂದರೆ ಹೊಸಬ, ಅಗ್ಗವಾದ ಮೇಲೂ ಹಳೇ ಚಾರ್ಟ್ ಇಟ್ಟುಕೊಂಡು ಕೂತರೆ ಹೇಗೆ?

ಆದ್ದರಿಂದ ನನ್ನದೇ ಚಾರ್ಟ್ ಮಾಡಿದೆ. 2011ರಿಂದ ಈಚೆಗೆ ಬಂದ ಪ್ರತಿ ಪಿಕ್‌ಗೂ ಎರಡನೇ ಕಾಂಟ್ರ್ಯಾಕ್ಟ್‌ನಲ್ಲಿ ಎಷ್ಟು ಸಿಕ್ಕಿತು ಅಂತ ನೋಡಿದೆ. ಆಟಗಾರನಿಗೆ ನಿಜವಾದ ಮಾರ್ಕ್ಸ್ ಹಾಕುವುದು ಅದೇ. ಅವನನ್ನು ಮೂರು ನಾಲ್ಕು ವರ್ಷ ದಿನಾ ಕಂಡವರು ಸ್ವಂತ ದುಡ್ಡು ಹಾಕಿ ಕೊಡುವ ಮಾರ್ಕ್ಸ್. ನನ್ನ ಅಭಿಪ್ರಾಯ ಯಾರಿಗೆ ಬೇಕು ಅಲ್ವಾ.

ಕೇಳಲು ಸುಲಭ. ಕೂತು ಮಾಡಿದರೆ ಹೆಣ ಬೀಳುವಷ್ಟು ಕೆಲಸ. ಮೊದಲನೆಯದು ಕ್ಯಾಪ್, ಅಂದರೆ ಒಂದು ತಂಡ ವರ್ಷಕ್ಕೆ ಸಂಬಳಕ್ಕೆ ಹಾಕಬಹುದಾದ ಮಿತಿ. 2020ರಲ್ಲಿ 198.2 ಮಿಲಿಯನ್ ಇದ್ದದ್ದು ಕೋವಿಡ್‌ನಿಂದಾಗಿ 2021ರಲ್ಲಿ 182.5ಕ್ಕೆ ಇಳಿಯಿತು, 2025ಕ್ಕೆ 279.2 ಆಯಿತು. ಡಾಲರ್ ಲೆಕ್ಕದಲ್ಲಿ ಹೋದರೆ ಈಚಿನವರೆಲ್ಲ ಮಹಾವೀರರಂತೆ ಕಾಣುತ್ತಾರೆ. ಸಹಿ ಹಾಕಿದ ವರ್ಷದ ಕ್ಯಾಪ್‌ನ ಶೇಕಡಾವಾರು ತೆಗೆಯಲೇಬೇಕು. ಎರಡನೆಯದು, ಪೇಪರಿನಲ್ಲಿ ಬರುವ ಮೊತ್ತ ಬಹುಪಾಲು ಬೊಗಳೆ. 2022ರಲ್ಲಿ ಟೈರೀಕ್ ಹಿಲ್ ಡಾಲ್ಫಿನ್ಸ್ ಜೊತೆ 4 ವರ್ಷಕ್ಕೆ 120 ಮಿಲಿಯನ್ ಅಂತ ಸಹಿ ಹಾಕಿದ. ಅದರಲ್ಲಿ 45 ಮಿಲಿಯನ್ ಕೊನೆಯ ವರ್ಷದ್ದು, ಖಾತರಿ ಇಲ್ಲದ್ದು. ವರ್ಷಕ್ಕೆ 30 ಅಂತ ಹೇಳಿಕೊಳ್ಳಲು ಹಾಕಿದ ಅಲಂಕಾರ ಅದು. ನಾನು ಸಹಿಯ ದಿನದ ಪೂರ್ತಿ ಖಾತರಿ, ಮೊದಲ ಮೂರು ವರ್ಷದ ನಗದು, ಇವೆರಡನ್ನೇ ತೆಗೆದುಕೊಳ್ಳುತ್ತೇನೆ. ಈ ಕೆಲಸ ತಪ್ಪಿಸಿಕೊಳ್ಳಲು ಒಮ್ಮೆ ಒಬ್ಬರಿಂದ ರೆಡಿಮೇಡ್ ಶೀಟ್ ಕೊಂಡೆ, 120 ಡಾಲರೋ ಏನೋ ಕೊಟ್ಟು. ಒಳಗೆ ನೋಡಿದರೆ ಇದೇ ಅಲಂಕಾರದ ಮೊತ್ತಗಳು. ದುಡ್ಡು ವಾಪಸ್ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ.

ಮೂರನೆಯದು ಐದನೇ ವರ್ಷದ ಆಪ್ಷನ್, ಅಂದರೆ ಮೊದಲ ಸುತ್ತಿನವನನ್ನು ನಿಗದಿತ ಮೊತ್ತಕ್ಕೆ ಇನ್ನೊಂದು ವರ್ಷ ಇಟ್ಟುಕೊಳ್ಳುವ ತಂಡದ ಹಕ್ಕು. ಮೊದಲ ಸುತ್ತಿನವನಿಗೆ ತಂಡ ಆಪ್ಷನ್ ಎತ್ತಿದರೆ ಪಾಸು, ಬಿಟ್ಟರೆ ಫೇಲು ಅಂತ ನಮ್ಮ ಗುಂಪಿನಲ್ಲಿ ಹಳೇ ನಿಯಮ ಇತ್ತು. ಜಗಳ ಆಡಿ ಬದಲಾಯಿಸಿದೆ. ಯಾಕೆಂದರೆ ಆಫೆನ್ಸಿವ್ ಲೈನ್‌ನವರಿಗೆಲ್ಲ (ಟ್ಯಾಕಲ್, ಗಾರ್ಡ್, ಸೆಂಟರ್) ಆಪ್ಷನ್ ಮೊತ್ತ ಒಂದೇ ಬುಟ್ಟಿಯಿಂದ ಬರುತ್ತದೆ. ಆ ಬುಟ್ಟಿ ತುಂಬಾ ದುಬಾರಿ ಟ್ಯಾಕಲ್‌ಗಳ ಸಂಬಳ. ರೇವನ್ಸ್‌ನ ಟೈಲರ್ ಲಿಂಡರ್‌ಬಾಮ್ 2022ರ 25ನೇ ಪಿಕ್, ಒಳ್ಳೆಯ ಸೆಂಟರ್. ಅವನ ಆಪ್ಷನ್ ಬಿಟ್ಟರು. ಆಟ ಕೆಟ್ಟದ್ದಕ್ಕಲ್ಲ, ಸೆಂಟರ್‌ಗೆ ಟ್ಯಾಕಲ್ ಬೆಲೆ ಯಾರು ಕೊಡುತ್ತಾರೆ? ಹಳೇ ನಿಯಮದಲ್ಲಿ ಅವನು, ಆಟ ಸಾಲದೆ ಆಪ್ಷನ್ ಕಳೆದುಕೊಂಡ ಕೆನ್ನಿ ಪಿಕೆಟ್ ಜೊತೆ ಒಂದೇ ಸಾಲಿನಲ್ಲಿ ಕೂರುತ್ತಿದ್ದ!

ಚಾರ್ಟ್ ತಯಾರಾದಾಗ ಕಂಡದ್ದು ಇಷ್ಟು. ಜಾನ್ಸನ್ ಪ್ರಕಾರ ಒಂದನೇ ಪಿಕ್, 32ನೆಯದರ ಐದು ಪಟ್ಟು. ನನ್ನದರಲ್ಲಿ ಎರಡೂವರೆ ಪಟ್ಟಿನ ಆಸುಪಾಸು. ಎರಡನೇ ಸುತ್ತಿನ ಮೊದಲರ್ಧ ಚಿನ್ನ. ಅಂದರೆ ಮೇಲೇರಲು ತೆರುವವನು ಸಾಮಾನ್ಯವಾಗಿ ಜಾಸ್ತಿ ತೆರುತ್ತಾನೆ. ಇದು ನನ್ನ ಸಂಶೋಧನೆ ಏನಲ್ಲ, ಅರ್ಥಶಾಸ್ತ್ರದವರು ಎಂದೋ ಹೇಳಿದ್ದಾರೆ. ಆದರೆ ಅದನ್ನು ನಂಬಿ 50 ಡಾಲರ್ ಕಟ್ಟಿದವನು ನಮ್ಮಲ್ಲಿ ನಾನೊಬ್ಬನೇ.

ಹತ್ತಿರದಿಂದ ಒಂದು ವ್ಯವಹಾರ ನೋಡೋಣ, ನಮ್ಮೂರಿನ ಲಯನ್ಸ್‌ದೇ. 2023ರಲ್ಲಿ 6 ಮತ್ತು 81ನೇ ಪಿಕ್ ಕೊಟ್ಟು ಕಾರ್ಡಿನಲ್ಸ್‌ನಿಂದ 12, 34, 168 ತೆಗೆದುಕೊಂಡರು. ಜಾನ್ಸನ್ ಚಾರ್ಟ್‌ನಲ್ಲಿ ಕೂಡಿಸಿ: ಕೊಟ್ಟದ್ದು 1600 ಮತ್ತು 185, ಬಂದದ್ದು 1200, 560, ಜೊತೆಗೆ 24ರ ಹತ್ತಿರ. ತಕ್ಕಡಿ ಮುಳ್ಳು ಅಲ್ಲಾಡುವುದಿಲ್ಲ. ನನ್ನ ಚಾರ್ಟ್‌ನಲ್ಲಿ ಮಾತ್ರ ಲಯನ್ಸ್‌ಗೆ ದೊಡ್ಡ ಲಾಭ, 34ನೇ ಪಿಕ್ ಒಂದೇ ಸಾಕು ಅನ್ನುವಷ್ಟು. ಅದೇ 34ರಲ್ಲಿ ಬಂದವನು ಸ್ಯಾಮ್ ಲಾಪೋರ್ಟಾ. ಆದರೆ 12ರಲ್ಲಿ ರನ್ನಿಂಗ್ ಬ್ಯಾಕ್ ಜಮೀರ್ ಗಿಬ್ಸ್, 18ರಲ್ಲಿ ಲೈನ್‌ಬ್ಯಾಕರ್ ಜ್ಯಾಕ್ ಕ್ಯಾಂಪ್‌ಬೆಲ್. ಎರಡೂ ಅಗ್ಗದ ಜಾಗ, ಅದಕ್ಕೆ ಮಾರ್ಕ್ಸ್ ಕಳೆದೆ. ಅವತ್ತು ಗುಂಪಿನ ಮುಕ್ಕಾಲು ಜನ ಲಯನ್ಸ್‌ಗೆ 25ರಿಂದ ಕೆಳಗಿನ ಸ್ಥಾನ ಕೊಟ್ಟರು. ನನ್ನ ಶೀಟ್ 11 ಅಂದಿತು. ಲಯನ್ಸ್ ಅಭಿಮಾನಿ ಅಂತ ಕೊಟ್ಟಿದ್ದೀಯ ಅಂದರು. ಅಯ್ಯಾ, ಹೆಸರಿನ ಕಾಲಂ ಮುಚ್ಚಿತ್ತು ಅಂದರೆ ನಂಬುವವರಾರು.

ವಾದಕ್ಕೆ ನಿಂತಾಗಲೆಲ್ಲ ನನ್ನ ಮುಖಕ್ಕೆ ಎಸೆಯುವ ಹೆಸರು ಎರಡೇ, ತಂಡಗಳು ಬೆಲೆ ತೆತ್ತು ಮೇಲೇರಿ ತಂದ ಕ್ವಾರ್ಟರ್‌ಬ್ಯಾಕ್‌ಗಳಾದ ಮಹೋಮ್ಸ್ ಮತ್ತು ಜಾಶ್ ಆಲನ್. ಬಿಲ್ಸ್ 2018ರಲ್ಲಿ 12, 53, 56 ಕೊಟ್ಟು 7ಕ್ಕೆ ಏರಿದರು. ಜಾನ್ಸನ್ ಚಾರ್ಟ್‌ನಲ್ಲೇ 1910 ಕೊಟ್ಟು 1500 ಕೊಂಡ ಹಾಗೆ. ದುಬಾರಿ. ಬಂದ ಮಾಲು ಬಂಗಾರವಾಯಿತು, ಒಪ್ಪಿದೆ. ಇನ್ನೊಂದು ಕಡೆ, ಹೀಗೇ ಮೇಲೇರಿ ತಂದು ಕೈಕೊಟ್ಟವರನ್ನೂ ಎಣಿಸಿ. ಮೂರರಿಂದ ಎರಡಕ್ಕೆ ಏರಲು ಮೂರು ಹೆಚ್ಚುವರಿ ಪಿಕ್ ತೆತ್ತು ತಂದ ಟ್ರುಬಿಸ್ಕಿ. ಕಾರ್ಡಿನಲ್ಸ್‌ನ ಜಾಶ್ ರೋಸನ್. ಬೇರ್ಸ್‌ನ ಜಸ್ಟಿನ್ ಫೀಲ್ಡ್ಸ್. ಎಲ್ಲರಿಗಿಂತ ಮೇಲೆ ಟ್ರೇ ಲ್ಯಾನ್ಸ್: 12ನೇ ಪಿಕ್, ಮುಂದಿನ ಎರಡು ವರ್ಷದ ಮೊದಲ ಸುತ್ತು, ಒಂದು ಮೂರನೇ ಸುತ್ತು. ಇಷ್ಟು ಕೊಟ್ಟ ಫೋರ್ಟಿನೈನರ್ಸ್‌ಗೆ ಅವನು ಶುರು ಮಾಡಿದ್ದು ನಾಲ್ಕು ಪಂದ್ಯ. ಆಮೇಲೆ ಒಂದು ನಾಲ್ಕನೇ ಸುತ್ತಿನ ಪಿಕ್‌ಗೆ ಕೌಬಾಯ್ಸ್‌ಗೆ ಹೋದ.

2021ರಲ್ಲಿ ಈ ಪದ್ಧತಿಯನ್ನು ಪೂರ್ತಿ ನಂಬಿ ಮೊದಲ ಸಲ ಪಟ್ಟಿ ಕೊಟ್ಟೆ. ಫೋರ್ಟಿನೈನರ್ಸ್‌ಗೆ 32ನೇ ಸ್ಥಾನ. ನಕ್ಕಿದ್ದೇ ನಕ್ಕಿದ್ದು. ಮೂರು ವರ್ಷದ ಮೇಲೆ ಐದನೇ ಸುತ್ತಿನ ಹುಫಾಂಗಾ, ಲೆನ್ವಾರ್ ಇಬ್ಬರೂ ಸೇರಿ ಅವರನ್ನು ಕೊನೆಯ ಸ್ಥಾನದಿಂದ ಎತ್ತಿದರು, ಅಷ್ಟೇ. ಆ ವರ್ಷ ನಾನು ಎರಡನೆಯವನಾದೆ. ಎರಡನೆಯವನಿಗೆ ದುಡ್ಡಿಲ್ಲ. ಗೆದ್ದವನು ಲಯನ್ಸ್‌ನ ಹಟಮಾರಿ ಅಭಿಮಾನಿ. ಪೆನೆ ಸೂವೆಲ್ ಮತ್ತು 112ನೇ ಪಿಕ್‌ನ ಆಮನ್ ರಾ ಸೇಂಟ್ ಬ್ರೌನ್ ಅವನನ್ನು ದಡ ಸೇರಿಸಿದರು. ತನಗಿಂತ ಮುಂಚೆ ಆಯ್ಕೆಯಾದ 16 ರಿಸೀವರ್‌ಗಳ ಹೆಸರನ್ನು ಬಾಯಿಪಾಠ ಹೇಳುವ ಹುಡುಗ ಈ ಸೇಂಟ್ ಬ್ರೌನ್. 2024ರಲ್ಲಿ ಡ್ರಾಫ್ಟ್ ಡೆಟ್ರಾಯಿಟ್‌ಗೇ ಬಂದ ವಾರ ಈ ಇಬ್ಬರು ಆಟಗಾರರಿಗೂ ಹೊಸ ಕಾಂಟ್ರ್ಯಾಕ್ಟ್ ಆಯಿತು. ನಮ್ಮ ಗೆಳೆಯ ಆ ಲಕ್ಷಾಂತರ ಜನರ ಮಧ್ಯೆ ನಿಂತು ನನಗೆ ಫೋನ್ ಮಾಡಿ ಕೂಗಿದ. ಕೂಗಲಿ ಬಿಡಿ.

ಈಗ 2022. ಮೇಲ್ಭಾಗದಲ್ಲಿ ಕಷ್ಟ ಇರಲಿಲ್ಲ. ಜೆಟ್ಸ್‌ಗೆ 4, 10, 26, 36, ನಾಲ್ಕೂ ಬೆಲೆಬಾಳುವ ಪಿಕ್. ಸಾಸ್ ಗಾರ್ಡ್‌ನರ್ ಡಿಫೆನ್ಸ್‌ನಲ್ಲಿ, ಗ್ಯಾರೆಟ್ ವಿಲ್ಸನ್ ಆಫೆನ್ಸ್‌ನಲ್ಲಿ, ಇಬ್ಬರೂ ವರ್ಷದ ರೂಕಿಗಳಾದರು. ಎಲ್ಲರ ಪಟ್ಟಿಯಲ್ಲೂ ಜೆಟ್ಸ್ ಮೇಲೇ ಇತ್ತು, ಅಲ್ಲಿ ಯಾರಿಗೂ ಲಾಭವಿಲ್ಲ. ಹಾಗೆಯೇ 262ನೇ ಪಿಕ್, ಡ್ರಾಫ್ಟ್‌ನ ಕಟ್ಟಕಡೆಯವನು, ಫೋರ್ಟಿನೈನರ್ಸ್‌ನ ಬ್ರಾಕ್ ಪರ್ಡಿ. 2025ರ ಮೇನಲ್ಲಿ 5 ವರ್ಷಕ್ಕೆ 265 ಮಿಲಿಯನ್. ಯಾವ ಶೀಟ್‌ಗೂ ಅದು ಕಾಣುವುದಿಲ್ಲ. ಎಲ್ಲರಿಗೂ ಕಾಣಲಿಲ್ಲ, ಆದ್ದರಿಂದ ಯಾರಿಗೂ ನಷ್ಟವಿಲ್ಲ. ಒಬ್ಬ ಆಟಗಾರನಿಂದ ತಂಡಕ್ಕೆ ಇಂತಿಷ್ಟೇ ಅಂಕ ಅನ್ನುವ ಮಿತಿ ಮಾತ್ರ ಅವನಿಂದಾಗಿ ನಮ್ಮ ನಿಯಮಕ್ಕೆ ಸೇರಿತು.

ದುಡ್ಡು ಬರುವುದು ನಡುವಿನ ಸ್ಥಾನಗಳಲ್ಲಿ. ರಿಸೀವರ್ ಇಲ್ಲದೆ ಸೆಂಟರ್, ಸೇಫ್ಟಿ ತಂದರು ಅಂತ ಕೆಲವರು ರೇವನ್ಸ್‌ನ ಕೆಳಗಿಟ್ಟರು. ಅವರ ಕೈಯಲ್ಲಿ ನಾಲ್ಕನೇ ಸುತ್ತಿನದೇ ಆರು ಪಿಕ್ ಇತ್ತು. ಅದೂ ಅಲ್ಲದೆ ಕೈಲ್ ಹ್ಯಾಮಿಲ್ಟನ್ ಬೋರ್ಡ್‌ನಲ್ಲಿ ತುಂಬಾ ಮೇಲಿದ್ದವನು 14ಕ್ಕೆ ಜಾರಿದ್ದ. 2025ರ ಆಗಸ್ಟ್‌ನಲ್ಲಿ ವರ್ಷಕ್ಕೆ 25 ಮಿಲಿಯನ್, ಸೇಫ್ಟಿಗಳಲ್ಲೇ ದಾಖಲೆ. ಸೀಹಾಕ್ಸ್ 41ರಲ್ಲಿ ರನ್ನಿಂಗ್ ಬ್ಯಾಕ್ ತಂದದ್ದಕ್ಕೆ ಬೈಸಿಕೊಂಡರು. 9, 40, 72ರ ಪಿಕ್‌ಗಳನ್ನು ಯಾರೂ ಎಣಿಸಲಿಲ್ಲ. 153ರಲ್ಲಿ ಬಂದ ವೂಲನ್ ಮೊದಲ ವರ್ಷವೇ ಎದುರಾಳಿ ಎಸೆದ ಚೆಂಡು ಕಸಿದು ಆರು ಇಂಟರ್‌ಸೆಪ್ಷನ್ ಹಿಡಿದ. ನಾನು ಆರನೇ ಸ್ಥಾನ ಕೊಟ್ಟಿದ್ದೆ.

ಎಡವಿದ ಜಾಗವೂ ಇದೆ. ವೈಕಿಂಗ್ಸ್. 12ರಿಂದ 32ಕ್ಕೆ ಇಳಿದು 34, 66 ಪಡೆದರು, ಬದಲಿಗೆ 46 ಬಿಟ್ಟರು. ಆ 34ನ್ನೂ ಪ್ಯಾಕರ್ಸ್‌ಗೆ ಮಾರಿ 53, 59 ತಂದರು. ನನ್ನ ಚಾರ್ಟ್ ಚಪ್ಪಾಳೆ ತಟ್ಟಿತು, ನಾಲ್ಕನೇ ಸ್ಥಾನ ಕೊಟ್ಟೆ. 32ರಲ್ಲಿ ಬಂದ ಲೂಯಿಸ್ ಸೀನ್ ಲಂಡನ್ ಪಂದ್ಯದಲ್ಲಿ ಕಾಲು ಮುರಿದುಕೊಂಡ, 2024ಕ್ಕೆ ತಂಡದಿಂದಲೇ ಹೊರಗೆ. ಮಿಕ್ಕವರೂ ಏಳಲಿಲ್ಲ. ಕೊಟ್ಟ ಬೆಲೆ ಸರಿ, ಕೊಂಡ ಮಾಲು ಸೊನ್ನೆ. ಇದೊಂದೇ ತಂಡದಲ್ಲಿ 25ರಷ್ಟು ತಪ್ಪು ಬಂತು. ಆದರೂ ಗೆದ್ದೆ ನೋಡಿ.

2023ರಲ್ಲಿ ಇನ್ನೊಂದು ಪೆಟ್ಟು ಟೆಕ್ಸನ್ಸ್‌ನಿಂದ. 12, 33, ಮುಂದಿನ ವರ್ಷದ ಮೊದಲ ಮತ್ತು ಮೂರನೇ ಸುತ್ತು ಕೊಟ್ಟು 3 ಮತ್ತು 105 ತಂದರು. ಶೀಟ್ ಕೆಂಪಾಯಿತು. ಆದರೆ ಆ 3ರಲ್ಲಿ ಬಂದ ವಿಲ್ ಆಂಡರ್ಸನ್, ಜೊತೆಗೆ ಎರಡನೇ ಪಿಕ್‌ನ ಸ್ಟ್ರೌಡ್, ಇಬ್ಬರೂ ವರ್ಷದ ರೂಕಿಗಳು. ತಂಡ ಗೆದ್ದದ್ದರಿಂದ ಅವರು ಬಿಟ್ಟುಕೊಟ್ಟ ಮೊದಲ ಸುತ್ತು 27ಕ್ಕೆ ಇಳಿಯಿತು. ಅದೇ ವರ್ಷ ಪ್ಯಾಂಥರ್ಸ್ ಬೇರ್ಸ್‌ಗೆ ಕೊಟ್ಟ ಮುಂದಿನ ಮೊದಲ ಸುತ್ತು? ಎರಡು ಗೆಲುವು, ಹದಿನೈದು ಸೋಲು. ನೇರವಾಗಿ ಒಂದನೇ ಪಿಕ್, ಕೇಲಬ್ ವಿಲಿಯಮ್ಸ್. ಭವಿಷ್ಯದ ಪಿಕ್‌ಗೆ ಬೆಲೆ ಕಟ್ಟುವುದೇ ಈ ಆಟದ ಅರ್ಧ ಗುಟ್ಟು. ಒಂದು ಸುತ್ತು ಕೆಳಗಿಳಿಸಿ ಎಣಿಸುವುದು ಎಲ್ಲರ ರೂಢಿ. ನಾನು ಹಾಗೆ ಮಾಡುವುದಿಲ್ಲ. ಹೇಗೆ ಮಾಡುತ್ತೇನೆ ಅಂತ ಕೇಳಬೇಡಿ, ಮುಂದಿನ ವರ್ಷವೂ ಗೆಲ್ಲಬೇಕಲ್ಲ. ಜಾಗದ ಬೆಲೆಯಲ್ಲೂ ಅಷ್ಟೇ. ಒಬ್ಬ ಸೇಫ್ಟಿಯನ್ನು ಇತರ ಸೇಫ್ಟಿಗಳ ಜೊತೆ ಎಷ್ಟು ತೂಗಬೇಕು, ಇಡೀ ಲೀಗ್ ಜೊತೆ ಎಷ್ಟು ತೂಗಬೇಕು ಅನ್ನುವ ಪ್ರಮಾಣ ನನ್ನ ಹತ್ತಿರವೇ ಇರಲಿ. ಅರ್ಧರ್ಧ ಅಲ್ಲ, ಅಷ್ಟು ಹೇಳಬಲ್ಲೆ.

ಬೋರ್ಡ್ ವಿಷಯಕ್ಕೆ ಒಂದು ಮಾತು ಉಳಿಯಿತು. ಬೋರ್ಡ್‌ಗಿಂತ ತುಂಬಾ ಮುಂಚೆ ಎತ್ತಿದವರಿಗೆ ಮಾರ್ಕ್ಸ್ ಕಳೆಯಿರಿ. ಕೆಳಗೆ ಜಾರಿ ಸಿಕ್ಕವರಿಗೆ ಮಾತ್ರ ಸುಮ್ನೆ ಮಾರ್ಕ್ಸ್ ಸುರಿಯಬೇಡಿ. ಮೂವತ್ತೆರಡು ತಂಡವೂ ಬಿಟ್ಟಿವೆ ಅಂದರೆ ಡಾಕ್ಟರ್ ರಿಪೋರ್ಟ್‌ನಲ್ಲಿ ಏನೋ ಇರುತ್ತದೆ. ಹ್ಯಾಮಿಲ್ಟನ್ ಥರದವರು ಅಪರೂಪ.

ಸುಮ್ಮನಿರಲಾರದೆ ಇದನ್ನೇ ಐಪಿಎಲ್‌ಗೂ ಹಾಕಿ ನೋಡಿದೆ. 2025ರ ಸೀಸನ್‌ಗಾಗಿ ನಡೆದ ದೊಡ್ಡ ಹರಾಜಿನಲ್ಲಿ ಆರ್‌ಸಿಬಿ ಹೇಜಲ್‌ವುಡ್‌ಗೆ 12.5 ಕೋಟಿ, ಸಾಲ್ಟ್‌ಗೆ 11.5, ಕೃಣಾಲ್ ಪಾಂಡ್ಯಗೆ 5.75 ಕೊಟ್ಟಿತು. ಬೆಂಗಳೂರಿನ ತಮ್ಮ ಫೋನ್‌ನಲ್ಲಿ ಅತ್ತೇ ಬಿಟ್ಟಿದ್ದ, ಯಾವ ದೊಡ್ಡ ಹೆಸರೂ ಇಲ್ಲ ಅಂತ. ಜೂನ್ 3ಕ್ಕೆ ಕಪ್ ಬಂತು, ಫೈನಲ್‌ನಲ್ಲಿ ಕೃಣಾಲ್ ಪಂದ್ಯಶ್ರೇಷ್ಠ. ನನ್ನ ಪದ್ಧತಿಗೆ ಇದರಲ್ಲಿ ಪಾಲಿಲ್ಲ. ಅಲ್ಲಿ ಬೆಲೆ ಹರಾಜಿನಲ್ಲೇ ನಿಗದಿ, ಎರಡನೇ ಕಾಂಟ್ರ್ಯಾಕ್ಟ್ ಅನ್ನುವುದಿಲ್ಲ, ಮೂರು ವರ್ಷಕ್ಕೊಮ್ಮೆ ಎಲ್ಲ ಕಲಸಿ ಹೋಗುತ್ತದೆ. ಒಂದು ವಾರಾಂತ್ಯ ಕಳೆದು ಬಿಟ್ಟುಬಿಟ್ಟೆ.

ದುಡ್ಡಿನ ಲೆಕ್ಕ ಕೇಳುವವರಿಗೆ: ಗೆದ್ದದ್ದು 500 ಚಿಲ್ಲರೆ. ಇಷ್ಟು ವರ್ಷದ ಚಂದಾ, ಆ ಹಾಳು ಶೀಟ್, ಸೋತ ಬಾಜಿಗಳ 50 ಡಾಲರ್‌ಗಳು ಎಲ್ಲ ಸೇರಿದರೆ ಎರಡು ಸಾವಿರ ದಾಟುತ್ತದೆ. ಹೆಂಡತಿ ಒಂದು ಸಲ ಕೂಡಿಸಲು ಕೂತಳು, ಮಾತು ಬದಲಾಯಿಸಿದೆ. ಈಗ ಖರ್ಚು ಹೆಚ್ಚುಕಡಿಮೆ ಶೂನ್ಯ. ಕಾಂಟ್ರ್ಯಾಕ್ಟ್ ವಿವರ ಓವರ್ ದ ಕ್ಯಾಪ್, ಸ್ಪಾಟ್ರ್ಯಾಕ್ ವೆಬ್‌ಸೈಟ್‌ಗಳಲ್ಲಿ ಪುಕ್ಕಟೆ ಸಿಗುತ್ತದೆ. ವಿಡಿಯೊ ಚಂದಾ ನಿಲ್ಲಿಸಿದ್ದೇನೆ.

ಸದ್ಯಕ್ಕೆ ತಲೆ ತಿನ್ನುತ್ತಿರುವುದು 2025ರ ಎರಡನೇ ಪಿಕ್. ಜಾಗ್ವಾರ್ಸ್ 5, 36, 126 ಜೊತೆಗೆ 2026ರ ಮೊದಲ ಸುತ್ತು ಕೊಟ್ಟು 2, 104, 200 ತೆಗೆದುಕೊಂಡು ಟ್ರಾವಿಸ್ ಹಂಟರ್‌ನನ್ನು ತಂದರು. ಆಫೆನ್ಸ್‌ನಲ್ಲಿ ರಿಸೀವರೂ ಹೌದು, ಡಿಫೆನ್ಸ್‌ನಲ್ಲಿ ಕಾರ್ನರ್‌ಬ್ಯಾಕೂ ಹೌದು. ಶೀಟ್‌ನಲ್ಲಿ ಜಾಗಕ್ಕೆ ಇರುವುದು ಒಂದೇ ಕಾಲಂ. ಎರಡೂ ಜಾಗದ ಬೆಲೆ ಕೂಡಿಸಿದರೆ ಜಾಗ್ವಾರ್ಸ್ ಹತ್ತರೊಳಗೆ, ಒಂದೇ ಎಣಿಸಿದರೆ 29. ಗುಂಪಿನಲ್ಲಿ ಕೂಡಿಸಬೇಕು ಅನ್ನುವವರೇ ಜಾಸ್ತಿ. ನಾನು ರಿಸೀವರ್ ಅಂತ ಮಾತ್ರ ಎಣಿಸಿ 29 ಕೊಟ್ಟಿದ್ದೇನೆ. ಲೆಕ್ಕ ಚುಕ್ತಾ ಆಗುವುದು 2028ಕ್ಕೆ.